ಹೈದರಾಬಾದಿನಲ್ಲಿ ಮೋಟಾರಿನ ಮೇಲುಹಣ

ಊರಿನಿಂದ ನೆಂಟರು ಬಂದರೆ ಹೈದರಾಬಾದಿನ ಕನ್ನಡಿಗರೆಲ್ಲರೂ ಮಾಡುವ ಕೆಲಸ ಒಂದೇ. ಮೊದಲು ಚಾರ್‌ಮಿನಾರು, ಅಲ್ಲಿ ಬಳೆಗಳ ಲಾಡ್ ಬಜಾರು, ಆಮೇಲೆ ಬಿಸಿಲು ಏರಿತೆಂದು ಚೌಮಹಲ್ಲಾ ಅರಮನೆ. ಹೆಂಗಸರು ದರ್ಬಾರಿನ ದೀಪಗುಚ್ಛಗಳ ಕೆಳಗೆ ನಿಂತು ಕತ್ತೆತ್ತಿ ನೋಡುತ್ತಾರೆ. ಹುಡುಗರು ಮಾತ್ರ ಯಾವ ದೀಪಕ್ಕೂ ನಿಲ್ಲದೆ ಹಿಂದಿನ ಅಂಗಳಕ್ಕೆ ಓಡುತ್ತಾರೆ. ಅಲ್ಲಿ ನಿಜಾಮರ ಹಳೆಯ ಮೋಟಾರುಗಳಿವೆ. ಅವುಗಳ ನಡುವೆ ಹಳದಿ ಬಣ್ಣದ ಒಂದು ರೋಲ್ಸ್ ರಾಯ್ಸ್ ಇದೆ. ‘ಸಿಲ್ವರ್ ಘೋಸ್ಟ್’ ಜಾತಿಯದು, 1912ರ ತಯಾರಿ. ಮೈಕಟ್ಟನ್ನು ಲಂಡನ್ನಿನ ಬಾರ್ಕರ್ ಎಂಬ ಕಂಪನಿಯವರು ಕಟ್ಟಿದ್ದು. ಹಿಂದಿನ ಆಸನವನ್ನು ಎತ್ತರಿಸಿ ಸಿಂಹಾಸನದಂತೆ ಮಾಡಿರುವುದರಿಂದ ಇದಕ್ಕೆ ಸಿಂಹಾಸನದ ಕಾರೆಂದೇ ಹೆಸರಾಗಿದೆ. ಶತಮಾನ ಕಳೆದಿದ್ದರೂ ಅದು ಓಡಿದ್ದು ಕೆಲವು ನೂರು ಮೈಲಿ ಮಾತ್ರ ಎಂದು ಹೇಳುತ್ತಾರೆ. ಬಣ್ಣದ ಹೊಳಪನ್ನು ನೋಡಿದರೆ ನಂಬಬಹುದು.

ನಮಗೆ ಅದರಲ್ಲಿ ಸ್ವಾರಸ್ಯವಾಗಿ ಕಂಡದ್ದು ಬಣ್ಣವಲ್ಲ. ಈ ಗಾಡಿಯನ್ನು ಬರಹೇಳಿದವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರು. 1911ರಲ್ಲಿ ಅವರು ತೀರಿಕೊಂಡರು; ಗಾಡಿ ಬಂದು ಇಳಿದದ್ದು ಮಗ ಉಸ್ಮಾನ್ ಅಲಿ ಖಾನರ ಕಾಲದಲ್ಲಿ. ಕೋಹಿನೂರು ಸಿಕ್ಕಿದ ಗೋಲ್ಕೊಂಡದ ಸೀಮೆಯ ದೊರೆಗೂ ಮೋಟಾರಿಗೆ ಕಾಯುವುದು ತಪ್ಪಲಿಲ್ಲ. ಆದರೆ ಅವರು ಕಾದದ್ದು ಕೆಲಸಗಾರನಿಗಾಗಿ. ಬಡಗಿ ಕೆತ್ತಬೇಕು, ಕಮ್ಮಾರ ಬಡಿಯಬೇಕು, ಹಡಗು ಬರಬೇಕು. ನಡುವೆ ಒಬ್ಬ ನಿಂತು, “ಗಾಡಿಯೇನೋ ಸಿದ್ಧವಾಗಿದೆ, ಆದರೆ ತಮ್ಮ ಸರದಿ ಬರಬೇಕಾದರೆ ಸ್ವಲ್ಪ ಮೇಲೆ ಆಗುತ್ತದೆ” ಎಂದು ನಿಜಾಮರಿಗೆ ಹೇಳುವ ಸಂಭವವಿರಲಿಲ್ಲ. ಹೇಳಿದ್ದರೆ ಅವನ ಗತಿ ಏನಾಗುತ್ತಿತ್ತೋ!

ಈ ‘ಸ್ವಲ್ಪ ಮೇಲೆ’ ಎಂಬುದೇ ನಮ್ಮ ಇಂದಿನ ವಿಷಯ. ಇದಕ್ಕೆ ಹೈದರಾಬಾದಿನಲ್ಲಿ ‘ಆನ್’ ಎಂದು ಹೆಸರು. ಬೆಂಗಳೂರಿನಲ್ಲಿ ‘ಆನ್ ಮನಿ’ ಎನ್ನುವುದೂ ಇದನ್ನೇ. ಹಳೆಯ ತಲೆಮಾರಿನವರು ‘ಪ್ರೀಮಿಯಂ’ ಎನ್ನುತ್ತಿದ್ದರು. ಇನ್ನೂ ಬಾಯಿಬಿಟ್ಟು ಹೇಳುವವರು ‘ಬ್ಲ್ಯಾಕು’ ಎನ್ನುತ್ತಿದ್ದರು. ನಾವು ಮೇಲುಹಣವೆಂದು ಕರೆಯೋಣ. ಆರು ತಿಂಗಳಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿನಲ್ಲಿ ಬೇರೆ ಮಾತೇ ಇಲ್ಲವಾದ್ದರಿಂದ, ಈ ಪತ್ರಿಕೆಯ ಓದುಗರಿಗೂ ಅದರಲ್ಲಿ ಪಾಲು ಕೊಡುವುದು ನ್ಯಾಯವೆನಿಸಿತು.

ಅರಮನೆಯಿಂದ ಹೊರಟು ಮೂಸಿ ನದಿಯನ್ನು ದಾಟಿದರೆ ಸ್ವಲ್ಪ ಹೊತ್ತಿಗೆ ಕಾಚಿಗುಡಾ. ಇಲ್ಲಿನ ಕನ್ನಡಿಗರಿಗೆ ಈ ಬಡಾವಣೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ದೂರದಲ್ಲಿರುವವರಿಗಾಗಿ ಎರಡು ಮಾತು. 1956ರ ನವೆಂಬರ್ 1ರವರೆಗೆ ಬೀದರ, ಗುಲಬರ್ಗಾ, ರಾಯಚೂರುಗಳು ಹೈದರಾಬಾದು ರಾಜ್ಯಕ್ಕೆ ಸೇರಿದ್ದುವು. ಓದಿಗೆ, ಕೋರ್ಟಿಗೆ, ನೌಕರಿಗೆ ಆ ಕಡೆಯವರು ಬರುತ್ತಿದ್ದುದು ಇಲ್ಲಿಗೇ. ನೃಪತುಂಗ ಶಾಲೆಯೂ ಕರ್ನಾಟಕ ಸಾಹಿತ್ಯ ಮಂದಿರವೂ ಕಾಚಿಗುಡಾದಲ್ಲಿ ಬೇರುಬಿಟ್ಟದ್ದು ಹಾಗೆ. ನಮ್ಮ ಮಾವನವರು ರಾಯಚೂರಿನ ಕಡೆಯವರು. ರಾಜ್ಯ ಒಡೆದ ಮೇಲೆ ಹುಟ್ಟಿದವರಾದರೂ ಸೋದರಮಾವ ಇಲ್ಲಿದ್ದರೆಂದು ಓದಲು ಬಂದು, ಇಲ್ಲಿಯೇ ನೌಕರಿ ಹಿಡಿದು, ಇಲ್ಲಿಯೇ ನಿವೃತ್ತರಾದರು. ನಾವು ತುಮಕೂರಿನ ಕಡೆಯವರು. ಅವರ ಕನ್ನಡದ ಗತ್ತು ನಮಗೆ ಹತ್ತಲು ಮದುವೆಯಾದ ಮೇಲೆ ಎರಡು ವರ್ಷ ಹಿಡಿಯಿತು.

ಮಾವನವರು 1977ರಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಜಾಜ್ ಸ್ಕೂಟರಿಗೆ ಹೆಸರು ಬರೆಸಿದರು. ಸರದಿ ಬಂದದ್ದು 1983ರಲ್ಲಿ. ಆರು ವರ್ಷ! ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ಮುದುಕರ ಉತ್ಪ್ರೇಕ್ಷೆ ಎಂದುಕೊಳ್ಳುತ್ತಾರೆ. ಉತ್ಪ್ರೇಕ್ಷೆಯಲ್ಲ, ಕೆಲವು ಊರುಗಳಲ್ಲಿ ಹತ್ತು ವರ್ಷ ಕಾದವರೂ ಇದ್ದರು. ಮಗ ಹುಟ್ಟಿದಾಗ ಹೆಸರು ಬರೆಸಿದರೆ ಶಾಲೆಗೆ ಬಿಟ್ಟುಬರಲು ಆಗುತ್ತದೆಂಬುದು ಆಗಿನ ತಮಾಷೆ.

ಇದು ಹೇಗಾಯಿತೆಂಬುದನ್ನು, ಕಛೇರಿಯ ಗುಮಾಸ್ತರಾದ ನಮಗೆ, ಆಜ್ಞೆಯ ಹೆಸರು ಹೇಳದೆ ವಿವರಿಸಲು ಬಾರದು. ಮೋಟಾರು ಕಾರುಗಳ ವಿತರಣೆ ಮತ್ತು ಮಾರಾಟದ ನಿಯಂತ್ರಣಾಜ್ಞೆ ಹೊರಟದ್ದು 1959ರಲ್ಲಿ, ಸ್ಕೂಟರುಗಳದು 1960ರಲ್ಲಿ. ಇಷ್ಟೇ ಗಾಡಿ ಮಾಡಬೇಕೆಂದು ಕಾರ್ಖಾನೆಗೆ ಪರವಾನಗಿ. ಇಷ್ಟೇ ಬೆಲೆಗೆ ಮಾರಬೇಕೆಂದು ಕಟ್ಟು. ಯಾರಿಗೆ ಮೊದಲೆಂಬುದಕ್ಕೆ ವ್ಯಾಪಾರಿಯ ಬಳಿ ಪುಸ್ತಕ. ಅಂಚೆ ಕಛೇರಿಯಲ್ಲಿ ಠೇವಣಿ ಇಟ್ಟು ಆ ಪುಸ್ತಕದಲ್ಲಿ ಹೆಸರು ಬರೆಸಬೇಕು. ಸರಕಾರಿ ನೌಕರರಿಗೆ ಬೇರೆ ಪಾಲು. ಪರದೇಶದ ನಾಣ್ಯದಲ್ಲಿ ಹಣ ಕಳಿಸುವ ಬಂಧುಗಳಿದ್ದವರಿಗೆ ಬೇರೆ ಬಾಗಿಲು. ಗಾಡಿ ಕೊಂಡ ಮೇಲೆ ಕೆಲವು ಕಾಲ ಅದನ್ನು ಮಾರುವಂತಿಲ್ಲ. ಬರೆದವರ ಉದ್ದೇಶ ಕೆಟ್ಟದ್ದಲ್ಲ. ಆದರೆ ಬೇಕೆನ್ನುವವರು ನೂರು ಜನ, ಗಾಡಿ ಹತ್ತು. ಬೆಲೆ ಮಾತ್ರ ಏರಕೂಡದು. ಏರಬೇಕಾದದ್ದು ಎಲ್ಲಿಯಾದರೂ ಏರಲೇಬೇಕಲ್ಲ? ಗಾಡಿಯ ಬೆಲೆ ಕಟ್ಟಿನೊಳಗೆ ನಿಂತಿತು. ಸರದಿಯ ಬೆಲೆ ಏರಿತು.

ಈ ಊರಿನಲ್ಲಿಯೇ ‘ಪುಷ್ಪಕ್’ ಎಂಬ ಸ್ಕೂಟರು ತಯಾರಾಗುತ್ತಿತ್ತು. ಸನತ್‌ನಗರದ ಆಲ್ವಿನ್ ಕಾರ್ಖಾನೆಯ ಹೆಸರು ಅದರ ಮೈಮೇಲಿತ್ತು. ಆ ಕಾರ್ಖಾನೆಯವರೇ ಬಸ್ಸಿನ ಮೈ ಕಟ್ಟಿದವರು, ಶೀತಕಪೆಟ್ಟಿಗೆ, ಕೈಗಡಿಯಾರ ಮಾಡಿದವರು. ಆದರೂ ಜನಕ್ಕೆ ಬೇಕಾದದ್ದು ಬಜಾಜೇ. ಮಾವನವರನ್ನು ಕೇಳಿದರೆ, “ಪುಷ್ಪಕ ವಿಮಾನ ರಾವಣಂದ್ರೀ, ನಮಗ್ಯಾಕ?” ಎಂದು ನಗುತ್ತಾರೆ.

1983ರಲ್ಲಿ ಸರದಿಯ ಕಾಗದ ಬಂದ ಮೂರನೆಯ ದಿನವೇ ದಲ್ಲಾಳಿ ಮನೆ ಹುಡುಕಿಕೊಂಡು ಬಂದನಂತೆ. ಕಾಗದ ಬಂದದ್ದು ಅವನಿಗೆ ಹೇಗೆ ಗೊತ್ತಾಯಿತೆಂದು ಮಾವನವರು ಇಂದಿಗೂ ಆಶ್ಚರ್ಯಪಡುತ್ತಾರೆ. ನಮಗೆ ಅಷ್ಟೇನೂ ಆಶ್ಚರ್ಯವಿಲ್ಲ. ಅವನು ಮೇಲುಹಣವಾಗಿ ಕೊಡಲು ಒಪ್ಪಿದ್ದು ಮಾವನವರ ನಾಲ್ಕು ತಿಂಗಳ ಸಂಬಳ. ಆ ವರ್ಷ ಊರಿನ ಮನೆಯ ಬಾವಿ ಬತ್ತಿತ್ತು. ಅವರ ತಾಯಿ ದೂರದಿಂದ ನೀರು ಹೊರುತ್ತಿದ್ದರು. ಮಾವನವರು ಒಂದು ರಾತ್ರಿ ಯೋಚಿಸಿ ಒಪ್ಪಿಕೊಂಡರು. ಮಾರುವಂತಿಲ್ಲವೆಂಬ ಕಟ್ಟಿಗೆ ದಲ್ಲಾಳಿಯ ಬಳಿ ಮದ್ದಿತ್ತು: ಗಾಡಿ ಮಾವನವರ ಹೆಸರಿನಲ್ಲಿಯೇ ನೋಂದಣಿಯಾಯಿತು, ಓಡಿಸಿದವನು ಸುಲ್ತಾನ್ ಬಜಾರಿನ ಒಬ್ಬ ಬಟ್ಟೆಯ ವ್ಯಾಪಾರಿ. ಸರಕಾರದ ಪುಸ್ತಕದಲ್ಲಿ ಮೂರು ವರ್ಷ ಆ ಸ್ಕೂಟರಿನ ಒಡೆಯರು ನಮ್ಮ ಮಾವನವರು. ಅವರು ಅದರ ಮೇಲೆ ಕುಳಿತದ್ದು ಒಂದು ಸಲ, ಅಂಗಡಿಯ ಬಾಗಿಲಿನಿಂದ ಬೀದಿಯ ತಿರುವಿನವರೆಗೆ. ತಿರುವಿನಲ್ಲಿ ವ್ಯಾಪಾರಿ ಕಾದು ನಿಂತಿದ್ದ. ಬಾವಿ ಇನ್ನೂ ಇದೆ. ಬೇಸಗೆಯಲ್ಲೂ ಸೊಂಟದಷ್ಟು ನೀರು ನಿಲ್ಲುತ್ತದೆ.

ಅದೇ ವರ್ಷದ ಡಿಸೆಂಬರ್ 14ರಂದು ದೆಹಲಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಮೊದಲನೆಯ ಮಾರುತಿ ಕಾರಿನ ಬೀಗದಕೈ ಕೊಟ್ಟರು. ಮುಂಗಡವಾಗಿ 10,000 ರೂಪಾಯಿ ಕಟ್ಟಿ ಹೆಸರು ಬರೆಸಿದ್ದವರು ಲಕ್ಷಕ್ಕೂ ಮೇಲೆ. ಅಲ್ಲಿಯೂ ಸರದಿ, ಅಲ್ಲಿಯೂ ಮೇಲುಹಣ. ಮುಂದೆ ಒಂದೆರಡು ವರ್ಷಗಳಲ್ಲಿ ಜಪಾನಿನವರ ಕೈಸೇರಿದ ಹೀರೋ ಹೊಂಡಾ, ಯಮಹಾ, ಸುಜುಕಿ ಮೋಟಾರು ಸೈಕಲ್ಲುಗಳು ಬಂದುವು; ತಯಾರಿಯ ಕಟ್ಟು ಸಡಿಲಿತು; 1991ರ ನಂತರ ಕಾಲವೇ ಬದಲಾಯಿತು. ಅಂಗಡಿಯವರೇ ಬಾಗಿಲಿಗೆ ಬಂದು, ಕಂತಿನ ಮೇಲೆ ಕೊಡುತ್ತೇವೆ, ಹೊದಿಕೆ ಉಚಿತ, ಹೆಲ್ಮೆಟ್ಟು ಉಚಿತ ಎನ್ನತೊಡಗಿದರು. ಮೇಲುಹಣವೆಂಬ ಪಿಡುಗು ತೊಲಗಿತೆಂದು ನಮ್ಮ ಹಿರಿಯರು ನಿಟ್ಟುಸಿರು ಬಿಟ್ಟರು.

ತೊಲಗಲಿಲ್ಲ. ಮನೆ ಬದಲಾಯಿಸಿತು. ಅದನ್ನು ನೋಡಬೇಕಾದರೆ ಕಾಚಿಗುಡಾದಿಂದ ಪಶ್ಚಿಮಕ್ಕೆ ಹೋಗಬೇಕು. ದಾರಿಯಲ್ಲಿ ಖೈರತಾಬಾದು ಬರುತ್ತದೆ. ಭಾದ್ರಪದದಲ್ಲಿ ದೊಡ್ಡ ಗಣಪತಿಗೆ ಹೆಸರಾದ ಈ ಸ್ಥಳ ವರ್ಷವಿಡೀ ಇನ್ನೊಂದಕ್ಕೆ ಹೆಸರುವಾಸಿ: ಇಲ್ಲಿಯ ಸಾರಿಗೆ ಕಛೇರಿಯಲ್ಲಿ ಮೋಟಾರಿನ ಅಂದದ ಸಂಖ್ಯೆಗಳು ಹರಾಜಾಗುತ್ತವೆ. 9999 ಎಂದರೆ ಇಲ್ಲಿಯ ಜನಕ್ಕೆ ಪ್ರಾಣ. ಒಂಬತ್ತು ಒಂದೇ ಸಾಲದು, ನಾಲ್ಕೂ ಒಂಬತ್ತಾಗಬೇಕು. 2024ರ ಮಾರ್ಚಿನಲ್ಲಿ ತೆಲಂಗಾಣದ ಅಕ್ಷರಗಳು ಟಿಎಸ್ ಹೋಗಿ ಟಿಜಿ ಆದುವಷ್ಟೆ. ಅದೇ ಆಗಸ್ಟಿನಲ್ಲಿ ಹೊಸ ಅಕ್ಷರಗಳ 9999 ಒಂದಕ್ಕೆ 25 ಲಕ್ಷ ರೂಪಾಯಿಗೂ ಹೆಚ್ಚು ಬಂತು. ಆ ಹಣದಲ್ಲಿ ಎರಡು ಮಧ್ಯಮ ಕಾರು ಕೊಳ್ಳಬಹುದು! ನಮ್ಮಾಕೆ ಇದನ್ನು ಕೇಳಿ, ಇಂಥವರಿಗೆ ಮನೆಯಲ್ಲಿ ಹೇಳುವವರು ಯಾರೂ ಇಲ್ಲವೆ ಎಂದಳು. ಇರಲಿ, ನಾವು ಗಮನಿಸಿದ್ದು ಬೇರೆ. ಇದೂ ಮೇಲುಹಣವೇ, ಒಂದು ತಗಡಿನ ಮೇಲಿನ ನಾಲ್ಕು ಅಂಕೆಗೆ. ಆದರೆ ಎಲ್ಲರ ಕಣ್ಣೆದುರಿಗೆ ಕೂಗಿದ್ದು, ರಸೀದಿ ಇರುವಂಥದು, ಹೋಗಿ ಸೇರಿದ್ದು ಸರಕಾರದ ಬೊಕ್ಕಸಕ್ಕೆ. ಹುಚ್ಚಿಗೂ ಒಂದು ಲೆಕ್ಕಪತ್ರವಿದೆ.

ಪಂಜಾಗುಟ್ಟ, ಬಂಜಾರಾ ಹಿಲ್ಸು ಕಳೆದು, ಜುಬಿಲಿ ಹಿಲ್ಸಿನ ಬಂಡೆಗಳ ನಡುವೆ ಹಾದು, ದುರ್ಗಂ ಚೆರುವಿನ ತೂಗುಸೇತುವೆಯನ್ನು ದಾಟಿದರೆ ಅಲ್ಲಿರುವುದು ಬೇರೆಯೇ ಊರು. ಗಾಜಿನ ಮನೆಗಳು. ಅವುಗಳಲ್ಲೊಂದರಲ್ಲಿ ನಮ್ಮ ಭಾವಮೈದುನ ಕೆಲಸಮಾಡುತ್ತಾನೆ. ವಯಸ್ಸು ಮೂವತ್ತು. ಸಂಬಳ ನಮ್ಮದರ ಮೂರರಷ್ಟು. ಅದನ್ನು ಅವನು ಎಂದೂ ಆಡಿ ತೋರಿಸಿಲ್ಲ, ಒಳ್ಳೆಯ ಹುಡುಗ. ಅವನಿಗೊಂದು ಕಾರಿನ ಹುಚ್ಚು. ಸಾಮಾನ್ಯ ಕಾರಲ್ಲ. ಹೊರಗಿನಿಂದ ನೋಡಿದರೆ ಮಕ್ಕಳೊಂದಿಗ ಗೃಹಸ್ಥನ ಗಾಡಿ. ಮುಚ್ಚಳ ತೆರೆದರೆ ಒಳಗೆ ಗರಡಿಯ ಪೈಲ್ವಾನ. ಇಂಥವನ್ನು ಕಂಪನಿಯವರು ಎಣಿಸಿ ತರುತ್ತಾರೆ. ಸ್ಕೋಡಾ ಆಕ್ಟೇವಿಯಾ ಎಂಬುದರ ಆರ್‌ಎಸ್ ರೂಪ 2020ರಲ್ಲಿ ಬಂದಾಗ ಇಡೀ ದೇಶಕ್ಕೆ 200, ಬೆಲೆ 35.99 ಲಕ್ಷ. 2025ರ ಮೇ ತಿಂಗಳಲ್ಲಿ ಫೋಕ್ಸ್‌ವಾಗನ್ನಿನ ಗಾಲ್ಫ್ ಜಿಟಿಐ, ಮೊದಲ ಕಂತಿನಲ್ಲಿ 150, ಬೆಲೆ 52.99 ಲಕ್ಷ. ಹೆಸರು ಬರೆಸುವವರಿಗೆ ಅಂತರ್ಜಾಲದಲ್ಲಿ ಪ್ರಶ್ನೋತ್ತರವನ್ನೂ ಇಟ್ಟಿದ್ದರು. ದುಡ್ಡು ಕೊಡುವವನಿಗೇ ಪರೀಕ್ಷೆ! ಅದೇ ಅಕ್ಟೋಬರಿನಲ್ಲಿ ಹೊಸ ಆಕ್ಟೇವಿಯಾ ಆರ್‌ಎಸ್ ಬರಿಯ 100 ಬಂತು, 49.99 ಲಕ್ಷಕ್ಕೆ, ಇಪ್ಪತ್ತು ನಿಮಿಷದಲ್ಲಿ ಎಲ್ಲವೂ ಮುಗಿದುವು. ಸಂಕ್ರಾಂತಿಯ ಮುಂಚೆ ರೈಲಿನ ಟಿಕೆಟ್ಟು ಮುಗಿಯುವ ಹಾಗೆ.

ಇಷ್ಟು ಕಡಿಮೆ ಏಕೆ ತರುತ್ತಾರೆ? 2018ರಿಂದ ಒಂದು ನಿಯಮವಿದೆ: ಹೊರದೇಶದಲ್ಲಿ ಪೂರ್ತಿ ಜೋಡಿಸಿದ ಗಾಡಿಗಳನ್ನು, ಇಲ್ಲಿಯ ದೀರ್ಘ ಪರೀಕ್ಷೆಗಳಿಲ್ಲದೆ, ಒಂದು ಕಂಪನಿ ವರ್ಷಕ್ಕೆ 2,500ರವರೆಗೆ ತರಬಹುದು. ಅಂದಮೇಲೆ ನೂರು, ನೂರೈವತ್ತು ಎಂಬ ಕಟ್ಟು ಸರಕಾರದ್ದಲ್ಲ, ಕಂಪನಿಯದು. ಆಮದಿನ ಸುಂಕ ಭಾರ, ಉಳಿದುಹೋದರೆ ನಷ್ಟವೆಂಬ ಅಂಜಿಕೆ ಇದ್ದೇ ಇದೆ. ಅದರ ಜೊತೆಗೆ, ಬೇಗ ಮುಗಿದುಹೋಯಿತೆಂಬ ಸುದ್ದಿಯೇ ಒಂದು ಜಾಹೀರಾತು. ಹಿಂದೆ ಸರಕಾರ ಪರವಾನಗಿ ಬಿಗಿಹಿಡಿದು ಮಾಡಿದ ಸಾಲನ್ನು ಇಂದು ಕಂಪನಿ ತಾನಾಗಿಯೇ ಮಾಡಿಕೊಳ್ಳುತ್ತದೆ.

ಹುಡುಗ ಮೆಚ್ಚಿದ ಗಾಡಿ ಮೇಲೆ ಹೆಸರಿಸಿದವುಗಳಲ್ಲಿ ಯಾವುದೂ ಅಲ್ಲ. ಯಾವುದೆಂಬುದು ಇಲ್ಲಿ ಬೇಡ, ಅಂಗಡಿಯ ಹೆಸರೂ ಬೇಡ. ನಮ್ಮನ್ನೂ ಜೊತೆಗೆ ಕರೆದ. ಒಳಗೆ ತಂಪು, ನೆಲ ಕನ್ನಡಿ, ಕುಳಿತೊಡನೆ ಕಾಫಿ. ಮಾರಾಟದ ಅಧಿಕಾರಿ ನಮಗಿಂತ ಚಿಕ್ಕವನು, ಬಹಳ ಸಭ್ಯ. ಹೈದರಾಬಾದಿಗೆ ಬರುವುದು ನಾಲ್ಕು ಗಾಡಿ, ಮೂರು ಹೋಗಿಬಿಟ್ಟಿವೆ ಎಂದ. ನಾಲ್ಕನೆಯದಕ್ಕೆ ಕಂಪನಿಯ ಬೆಲೆಯೇ ಬೆಲೆ, ಅದರಲ್ಲಿ ಒಂದು ರೂಪಾಯಿ ಹೆಚ್ಚಿಲ್ಲ ಎಂದ. ಆಮೇಲೆ ದನಿ ಇಳಿಸಿದ. ಗಾಡಿಯ ಜೊತೆಗೆ ಒಂದೂವರೆ ಲಕ್ಷದ ‘ಸಲಕರಣೆ’ ತೆಗೆದುಕೊಳ್ಳಲೇಬೇಕು: ಕಾಲುಹಾಸು, ಕೆಸರುತಡೆ, ಬಾಗಿಲ ಅಂಚಿಗೆ ಹೊಳೆಯುವ ಪಟ್ಟಿ. ವಿಮೆ ಅವರಲ್ಲಿಯೇ ಮಾಡಿಸಬೇಕು. ಇವೆರಡರ ಮೇಲೆ ಎರಡು ಲಕ್ಷ, ನಗದು. ಒಬ್ಬರಿಂದ ಎರಡು ಲಕ್ಷ ನಗದು ತೆಗೆದುಕೊಳ್ಳುವುದು 2017ರಿಂದ ಕಾಯಿದೆಗೆ ವಿರುದ್ಧವಲ್ಲವೆ ಎಂದೆವು. ಅದಕ್ಕೇ ಎರಡು ಸಲವಾಗಿ, ಇಬ್ಬರ ಕೈಯಿಂದ ಎಂದು ನಮ್ಮ ಕಡೆ ನೋಡಿ ನಕ್ಕ. ಎರಡನೆಯ ಕೈ ನಮ್ಮದೆಂದು ಅವನ ಲೆಕ್ಕ. ರಸೀದಿ? “ರಸೀದಿ ಕೊಟ್ಟರೆ ಅದು ಬೆಲೆಯಾಗಿಬಿಡುತ್ತದಲ್ಲಾ ಸಾರ್!”

ಹದಿನಾಲ್ಕು ವರ್ಷದಿಂದ ಕಡತ ನೋಡುತ್ತಿದ್ದೇವೆ. ಇಷ್ಟು ಅಡಕವಾದ ಟಿಪ್ಪಣಿಯನ್ನು ಯಾರೂ ಬರೆದದ್ದು ಕಂಡಿಲ್ಲ.

ಮನೆಗೆ ಬಂದು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಗಾಡಿಯ ಬೆಲೆ ಕಾಗದದಲ್ಲಿದೆ. ಅದರ ಮೇಲೆ ಸುಮಾರು ಐದರಲ್ಲೊಂದು ಪಾಲು ಜೀವಾವಧಿ ತೆರಿಗೆ. ಹತ್ತು ಲಕ್ಷಕ್ಕೆ ಮೇಲ್ಪಟ್ಟ ಗಾಡಿಯಾದ್ದರಿಂದ ನೂರಕ್ಕೆ ಒಂದರಂತೆ ಅಂಗಡಿಯವರು ಹಿಡಿದು ಆದಾಯ ತೆರಿಗೆಗೆ ಕಟ್ಟುವ ಹಣ, ಇದನ್ನು ಮುಂದೆ ಲೆಕ್ಕಕ್ಕೆ ಹಿಡಿಯಬಹುದು. ಇವೆಲ್ಲ ಕಣ್ಣಿಗೆ ಕಾಣುವಂಥವು. ಆ ಎರಡು ಲಕ್ಷ ಮಾತ್ರ ಯಾವ ಕಾಗದದಲ್ಲಿಯೂ ಹುಟ್ಟುವುದಿಲ್ಲ. ಬ್ಯಾಂಕು ಅದಕ್ಕೆ ಸಾಲ ಕೊಡದು. ವಿಮೆಯವರು ಗಾಡಿಗೆ ಕಟ್ಟುವ ಮೌಲ್ಯ ಕಂಪನಿ ಸಾರಿದ ಬೆಲೆಯ ಮೇಲೆ, ಅದರಲ್ಲಿ ವರ್ಷ ವರ್ಷ ಸವಕಳಿ ಕಳೆದು. ನಾಳೆ ಗಾಡಿ ಕಳುವಾದರೆ, ಅಪಘಾತದಲ್ಲಿ ನುಜ್ಜಾದರೆ, ಎರಡು ಲಕ್ಷ ಕೊಟ್ಟದ್ದಕ್ಕೆ ಹುಡುಗನ ನೆನಪೊಂದೇ ಸಾಕ್ಷಿ. ವಿಮೆಯನ್ನು ಅಂಗಡಿಯವರಲ್ಲಿಯೇ ಮಾಡಿಸಬೇಕೆಂಬ ಕಾಯಿದೆಯೂ ಇಲ್ಲ. ಇದನ್ನು ಓದುಗರು ಗುರುತುಹಾಕಿಕೊಳ್ಳುವುದು ಒಳ್ಳೆಯದು, ಸಾಮಾನ್ಯ ಗಾಡಿ ಕೊಳ್ಳುವಾಗಲೂ ಉಪಯೋಗಕ್ಕೆ ಬರುತ್ತದೆ. ಅಕ್ಕಿಯ ಚೀಲಕ್ಕೆ, ಬಿಸ್ಕತ್ತಿನ ಪೊಟ್ಟಣಕ್ಕೆ ಗರಿಷ್ಠ ಬೆಲೆ ಮುದ್ರಿಸಬೇಕೆಂಬ ನಿಯಮ ಪೊಟ್ಟಣ ಕಟ್ಟಿದ ಸರಕಿಗೆ. ಮೋಟಾರನ್ನು ಪೊಟ್ಟಣ ಕಟ್ಟುವುದಿಲ್ಲ.

ಹುಡುಗ ಹಣವನ್ನು ತೆಗೆಯಬೇಕೆಂದಿದ್ದದ್ದು ಮನೆಯ ಮುಂಗಡದಿಂದ. ಮಾವನವರದು ಇಂದಿಗೂ ಬಾಡಿಗೆಯ ಮನೆ. ಕೊಂಪಲ್ಲಿಯ ಕಡೆ ಒಂದು ಸಣ್ಣ ಫ್ಲ್ಯಾಟು ನೋಡಿಟ್ಟಿದ್ದಾರೆ. ಅದರ ನೋಂದಣಿಯ ಖರ್ಚಿಗೆಂದು ಕೂಡಿಸಿಟ್ಟ ಗಂಟು. ನಮ್ಮಾಕೆ ತಮ್ಮನ ಮೇಲೆ ರೇಗಿದಳು. ಅವನು ಸುಮ್ಮನೆ ಕೇಳಿಸಿಕೊಂಡು, ನಮ್ಮ ಕಡೆ ತಿರುಗಿ, “ಭಾವಾ, ಅಪ್ಪ ಮೂವತ್ತೈದು ವರ್ಷ ಸಿಟಿ ಬಸ್ಸಿನ್ಯಾಗ ನಿಂತು ಹೋಗ್ಯಾರ. ಮನಿ ಮುಂದಿನ ವರ್ಷಾನೂ ಸಿಗತದ. ಈ ಗಾಡಿ ಮತ್ತ ಬರಂಗಿಲ್ಲ. ಪೆಟ್ರೋಲ್ ಗಾಡಿ ಕಾಲಾನೇ ಮುಗಿಲಿಕ್ಕೆ ಬಂತು” ಎಂದ. ತೆಗೆದುಹಾಕುವ ಮಾತಲ್ಲ. ಹುಚ್ಚು ಎಂದು ಹೇಳಿ ಮುಗಿಸುವಷ್ಟು ಸುಲಭವಾಗಿದ್ದರೆ ಇದನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಅಮೆರಿಕದಲ್ಲಿ ಇದನ್ನು ಹೇಗೆ ಮಾಡುತ್ತಾರೆಂದು, ಅಲ್ಲಿರುವ ನಮ್ಮಾಕೆಯ ದೊಡ್ಡಪ್ಪನ ಮಗನನ್ನು ಫೋನಿನಲ್ಲಿ ಕೇಳಿದೆವು. ಅಲ್ಲಿ ಎಲ್ಲವೂ ಬಿಚ್ಚಿಟ್ಟ ಬುತ್ತಿ. 1958ರ ಒಂದು ಕಾಯಿದೆಯಂತೆ ಪ್ರತಿಯೊಂದು ಹೊಸ ಕಾರಿನ ಗಾಜಿಗೂ ಕಂಪನಿ ಸೂಚಿಸಿದ ಬೆಲೆಯ ಚೀಟಿ ಅಂಟಿಸಿರಬೇಕು; ಕಾಯಿದೆ ತಂದ ಸೆನೆಟರ್ ಮನ್ರೋನಿಯವರ ಹೆಸರೇ ಆ ಚೀಟಿಗೆ ನಿಂತಿದೆ. ಆದರೆ ಅದು ಸೂಚನೆ ಮಾತ್ರ. ಬೇಡಿಕೆಯ ಗಾಡಿಯಾದರೆ ವ್ಯಾಪಾರಿ ಪಕ್ಕದಲ್ಲಿಯೇ ಇನ್ನೊಂದು ಚೀಟಿ ಅಂಟಿಸಿ, ‘ಮಾರುಕಟ್ಟೆಯ ಹೊಂದಾಣಿಕೆ’ ಎಂದು ಬರೆದು ಸಾವಿರಾರು ಡಾಲರು ಸೇರಿಸುತ್ತಾನೆ. 1989ರಲ್ಲಿ ಮಾಜ್ದಾ ಕಂಪನಿಯ ಮಿಯಾಟಾ ಎಂಬ ಪುಟ್ಟ ಎರಡು ಆಸನದ ಕಾರು ಬಂದಾಗ ಹೀಗೆಯೇ ಆಯಿತು. 2018ರ ಡಾಡ್ಜ್ ಡೀಮನ್ ಎಂಬ ದೈತ್ಯಕಾರು ಒಟ್ಟು 3,300. ಸಾರಿದ ಬೆಲೆಯನ್ನು ಮೀರದೆ ಮಾರುವವರ ಗಾಡಿಗಳನ್ನೇ ಮೊದಲು ಕಟ್ಟಿಕೊಡುತ್ತೇವೆಂದು ಕಂಪನಿ ತನ್ನ ವ್ಯಾಪಾರಿಗಳಿಗೆ ಹೇಳಬೇಕಾಯಿತು. ಫೋರ್ಡ್ ಕಂಪನಿಯವರು ಇನ್ನೂ ಮುಂದೆ ಹೋದರು. ತಮ್ಮ ಜಿಟಿ ಎಂಬ ಕಾರಿಗೆ ಅರ್ಜಿ ಕರೆದು, ಕೊಳ್ಳುವವರನ್ನು ತಾವೇ ಆರಿಸಿ, ಎರಡು ವರ್ಷ ಮಾರುವುದಿಲ್ಲವೆಂದು ಬರೆಸಿಕೊಂಡರು. ಜಾನ್ ಸೀನಾ ಎಂಬ ಪ್ರಸಿದ್ಧ ಕುಸ್ತಿಪಟು ಅವಧಿಗೆ ಮುಂಚೆ ಮಾರಿದರೆಂದು 2017ರಲ್ಲಿ ದಾವೆಯನ್ನೇ ಹೂಡಿದರು, ಮರುವರ್ಷ ರಾಜಿಯಾಯಿತು. ಅರ್ಜಿ, ಆಯ್ಕೆ, ಮಾರುವಂತಿಲ್ಲವೆಂಬ ಕಟ್ಟು! ನಮ್ಮ 1959ರ ನಿಯಂತ್ರಣಾಜ್ಞೆ ಡೆಟ್ರಾಯಿಟಿನಲ್ಲಿ ಪುನರ್ಜನ್ಮ ಎತ್ತಿತೆಂದು ಮಾವನವರಿಗೆ ಓದಿ ಹೇಳಿದಾಗ ಅವರು ಬಹಳ ಹೊತ್ತು ನಕ್ಕರು.

ಕಡಿಮೆ ಇರುವುದೆಲ್ಲ ಬೆಲೆ ಬಾಳುತ್ತದೆಂಬುದೂ ಸುಳ್ಳು. 2016ರ ನವೆಂಬರಿನಲ್ಲಿ ಫೋಕ್ಸ್‌ವಾಗನ್ನಿನವರು ಪೋಲೋ ಗಾಡಿಯ ಜಿಟಿಐ ರೂಪವನ್ನು 99 ಮಾತ್ರವೆಂದು ಸಾರಿ 25.99 ಲಕ್ಷಕ್ಕೆ ತಂದರು. ಪುಟ್ಟ ಗಾಡಿಗೆ ಇಷ್ಟೆ ಎಂದು ಜನ ಹಿಂಜರಿದರು. ಮರುವರ್ಷ ಅದೇ ಗಾಡಿ 19.99 ಲಕ್ಷ. ಮೊದಲೇ ಓಡಿಹೋಗಿ ಕೊಂಡವರ ಮುಖ ನೆನೆಸಿಕೊಳ್ಳಿ. ಇದರ ತಿರುವುಮುರುವೂ ಉಂಟು. 1983ರಲ್ಲಿಯೇ ಬಂದ ರಾಜ್‌ದೂತ್ 350 ಎಂಬ ಯಮಹಾ ಜಾತಿಯ ಮೋಟಾರು ಸೈಕಲ್ಲು ವೇಗದಲ್ಲಿ ಹುಲಿ. ಪೆಟ್ರೋಲು ಕುಡಿಯುತ್ತದೆಂದು, ಬೆಲೆ ಹೆಚ್ಚೆಂದು ಆಗ ಯಾರೂ ಮುಟ್ಟಲಿಲ್ಲ, ಕೆಲವು ವರ್ಷಗಳಲ್ಲಿ ತಯಾರಿಯೇ ನಿಂತಿತು. ಇಂದು ಸುಸ್ಥಿತಿಯಲ್ಲಿರುವ ಒಂದಕ್ಕೆ ಲಕ್ಷಗಟ್ಟಲೆ ಕೇಳುತ್ತಾರೆ. ನಮ್ಮ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಗಾಡಿಗಳ ಕಥೆಯೂ ಅಷ್ಟೆ. 1961ರಲ್ಲಿ ಶುರುವಾಗಿ 1996ರಲ್ಲಿ ಮುಚ್ಚಿದ ಆ ಕಾರ್ಖಾನೆಯ ಮುಂದೆ ಕಡೆಗಾಲದಲ್ಲಿ ಸಾಲು ನಿಂತವರಿಲ್ಲ. ಈಗ ಹುಡುಗರು ಗುಜರಿ ಅಂಗಡಿಗಳಲ್ಲಿ ಅದರ ಪೆಟ್ರೋಲು ತೊಟ್ಟಿಗಾಗಿ ತಡಕಾಡುತ್ತಾರೆ. ಯಾವುದು ನಾಳೆಯ ಬಾವಿ, ಯಾವುದು ನಾಳೆಯ ಗುಜರಿ ಎಂದು ಅಂಗಡಿಯ ಕಾಫಿ ಕುಡಿಯುತ್ತಾ ತಿಳಿಯುವುದು ಕಷ್ಟ.

ಮೇಲುಹಣವೇ ಪಾಪವೆಂದು ನಾವು ಹೇಳುವುದಿಲ್ಲ. ನಾಲ್ಕು ಗಾಡಿ, ನಲವತ್ತು ಜನ. ಯಾರಿಗೋ ಸಿಗುತ್ತದೆ, ಮೂವತ್ತಾರು ಜನಕ್ಕೆ ಇಲ್ಲ. ಖೈರತಾಬಾದಿನಂತೆ ಕಂಪನಿಯವರೇ ಬಹಿರಂಗವಾಗಿ ಹರಾಜು ಹಾಕಿ, ಬಂದದ್ದಕ್ಕೆ ರಸೀದಿ ಕೊಟ್ಟು, ತೆರಿಗೆ ಕಟ್ಟಿದರೆ ನಮ್ಮ ತಕರಾರಿಲ್ಲ. ಆದರೆ ಹಾಗೆ ಮಾಡಿದರೆ ಅವರು ಸಾರುವ ಬೆಲೆಯ ಮರ್ಯಾದೆ ಹೋಗುತ್ತದೆ. ಜಾಹೀರಾತಿನಲ್ಲಿ ಒಂದು ಬೆಲೆ, ಬಾಗಿಲಲ್ಲಿ ಇನ್ನೊಂದು. ಈ ಎರಡರ ನಡುವಿನ ಸಂದಿಯಲ್ಲಿ ನಿಂತವನ ಬಾಳು ಸುಖವಾಗಿದೆ.

ಇಷ್ಟು ಚರ್ಚೆಯಲ್ಲಿ ಮಾವನವರು ಬಾಯಿ ಹಾಕಿರಲಿಲ್ಲ. ಒಂದು ಭಾನುವಾರ ಜೋಳದ ರೊಟ್ಟಿಯ ಊಟ ಮುಗಿಸಿ ಕೈ ತೊಳೆದುಕೊಂಡು ಬಂದವರು ಮಗನನ್ನು ಕೇಳಿದರು: “ಎರಡು ಲಕ್ಷ ಕೊಡ್ತಿಯಲ್ಲಪಾ, ಅದು ಯಾರಿಗೆ ಮುಟ್ಟತದ?”

ಹುಡುಗ, ಅಂಗಡಿಯವರಿಗೆ ಎಂದ.

“ಅವರೆಷ್ಟು ವರ್ಷ ಪಾಳಿ ನಿಂತಾರ?”

ಅವನಿಗೆ ಉತ್ತರ ಹೊಳೆಯಲಿಲ್ಲ, ನಮಗೂ ಇಲ್ಲ. ಮಾವನವರು ಮುಂದುವರಿಸಿದರು: “ನಾ ಆರು ವರ್ಷ ಕಾಯ್ದೆ. ಆ ವ್ಯಾಪಾರಿ ನನ್ನ ಆರು ವರ್ಷಕ್ಕ ರೊಕ್ಕ ಕೊಟ್ಟ. ಅವಗ ಗಾಡಿ ಬಂತು, ನನಗ ನೀರು ಬಂತು. ನಿನ್ನ ರೊಕ್ಕದಾಗ ಯಾರ ಬಾವಿ ತೋಡಸ್ತಾರ ಕೇಳಿಕೊಂಡು ಬಾ.” ಹೇಳಿದವರೇ ಎದ್ದು ಮಧ್ಯಾಹ್ನದ ನಿದ್ದೆಗೆ ಹೋದರು. ಅವರು ಮಾಡಿದ್ದೂ ಆಜ್ಞೆಗೆ ವಿರುದ್ಧವೇ ಅಲ್ಲವೆ ಎಂದು ನಮ್ಮೊಳಗಿನ ಗುಮಾಸ್ತನಿಗೆ ತೋರಿತು. ಆದರೆ ಆ ಬಾವಿಯ ನೀರನ್ನು ಪ್ರತಿ ಬೇಸಗೆಯಲ್ಲೂ ಕುಡಿಯುವ ನಾವು ಅದನ್ನು ಎತ್ತಿ ಆಡುವುದು ಹೇಗೆ?

ಹುಡುಗ ಮಾರನೆಯ ದಿನ ಅಂಗಡಿಗೆ ಹೋಗಿ, ಕಂಪನಿಯ ಬೆಲೆಗೆ ರಸೀದಿಯ ಮೇಲೆ ಹೆಸರು ಬರೆಸಿ ಬಂದ. ನಗದು ಕೊಡಲಿಲ್ಲ. ನಾಲ್ಕನೆಯ ಗಾಡಿ ಬೇರೆಯವರ ಪಾಲಾಗುತ್ತದೆಂದು ಅವರು ಎಚ್ಚರಿಸಿ ಕಳಿಸಿದರಂತೆ. ಹದಿನೆಂಟು ದಿನಗಳ ಮೇಲೆ ಮೊನ್ನೆ ಫೋನು ಬಂತು. ಗಾಡಿ ಇನ್ನೂ ಇದೆ. ಸಲಕರಣೆ ಬೇಡವಾದರೆ ಬಿಡಬಹುದು. ವಿಮೆ ಎಲ್ಲಿಯಾದರೂ ಮಾಡಿಸಬಹುದು. ಮೇಲೆ ಎಪ್ಪತ್ತೈದು ಸಾವಿರ ಸಾಕು.

ಭಾವಮೈದುನ ಇನ್ನೂ ಉತ್ತರ ಕೊಟ್ಟಿಲ್ಲ. ರಾತ್ರಿ ಮೊಬೈಲಿನಲ್ಲಿ ಆ ಗಾಡಿಯ ಚಿತ್ರ ನೋಡುತ್ತಿರುವುದನ್ನು ನಮ್ಮಾಕೆ ಕಂಡಿದ್ದಾಳೆ. ಮಾವನವರು ಇನ್ನೊಂದು ತಿಂಗಳು ತಡಿ ಎನ್ನುತ್ತಿದ್ದಾರೆ. ಆರು ವರ್ಷ ಕಾದವರಿಗೆ ಒಂದು ತಿಂಗಳು ಏನೂ ಅಲ್ಲ. ಹುಡುಗನಿಗೆ ಅದು ಬಹಳ ದೀರ್ಘವಾಗಿ ಕಾಣುತ್ತಿದೆ.